ಆಕಾಶದಲ್ಲಿ ‘ಲೇ’ ಎಂದದ್ದಕ್ಕೆ

ಚನ್ನರಾಯಪಟ್ಟಣದ ನಮ್ಮ ಮನೆಗೆ ಈಗೀಗ ಪೈಲಟ್ ಆಗಬೇಕೆನ್ನುವ ಮಕ್ಕಳನ್ನು ಕರೆದುಕೊಂಡು ತಂದೆತಾಯಿಗಳು ಬರುತ್ತಾರೆ. ಯಾವ ಶಾಲೆ ಒಳ್ಳೆಯದು, ಎಷ್ಟು ಬೇಗ ಮುಗಿಯುತ್ತದೆ, ಕನ್ನಡಕ ಇದ್ದರೆ ನಡೆಯುತ್ತದೆಯೇ, ಕೆಲಸ ಸಿಕ್ಕೇ ಸಿಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಕಾಫಿ ಕೊಟ್ಟು ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಅವರು ಏಳುವ ಹೊತ್ತಿಗೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ‘ಮೇಲೆ ಒಬ್ಬನೇ ಇರುವಾಗ ಜಿಪಿಎಸ್ ಕೈಕೊಟ್ಟರೆ ಏನು ಮಾಡ್ತೀಯಪ್ಪ?’ ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ನಗುತ್ತಾರೆ. ‘ಈಗಿನ ಕಾಲ್ದಲ್ಲಿ ಅದೆಲ್ಲಿ ಕೈಕೊಡ್ತದೆ ಬುಡಿ ಮೇಡಂ’ ಎನ್ನುತ್ತಾರೆ.

ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ಮೇಲಲ್ಲ, ಅವರಿಗೆ ಹಾಗೆ ನಗಲು ಕಲಿಸಿದವರ ಮೇಲೆ. ವಿಮಾನ ಹಾರಿಸುವುದನ್ನು ಕಲಿಸುತ್ತಲೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನು ಬರೆಯುವುದಿಲ್ಲ. ಈ ಕೆಲಸಕ್ಕೆ ಬರುವವರಿಗೆ ಬೇಕಾದದ್ದು ಅದಲ್ಲ.

ನನಗೆ ಕಲಿಸಿದವರು ಸೇನೆಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಮುದುಕರು. ಆಗ ಜಿಪಿಎಸ್ ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ. ಮಡಿಲಲ್ಲಿ ನಕ್ಷೆ, ಮುಂದೆ ದಿಕ್ಸೂಚಿ, ಕೈಯಲ್ಲಿ ಗಡಿಯಾರ. ಇಷ್ಟು ವೇಗದಲ್ಲಿ, ಈ ದಿಕ್ಕಿನಲ್ಲಿ, ಇಷ್ಟು ಹೊತ್ತು ಹೋದರೆ ಎಲ್ಲಿರಬೇಕು ಎಂದು ಲೆಕ್ಕ ಹಾಕುವುದು, ಆಮೇಲೆ ಕಿಟಕಿಯಿಂದ ಕೆಳಗೆ ನೋಡಿ ಅಲ್ಲಿದ್ದೇವೆಯೇ ಎಂದು ತಾಳೆ ನೋಡುವುದು. ಕಲಿಯುವ ಕಾಲದಲ್ಲಿ ಒಂದು ಬೇಸಿಗೆ ನಾನು ದಾರಿ ತಪ್ಪಿದ್ದು ಬೇರೆಲ್ಲೂ ಅಲ್ಲ, ನಾನು ಹುಟ್ಟಿದ ನುಗ್ಗೇಹಳ್ಳಿಯ ಮೇಲೆಯೇ. ನಕ್ಷೆಯಲ್ಲಿ ನೀಲಿ ಬಣ್ಣದ ಕೆರೆ ಇತ್ತು. ನಾನು ನೀಲಿಯನ್ನೇ ಹುಡುಕುತ್ತಾ ಸುತ್ತು ಹೊಡೆದೆ. ಪಕ್ಕದಲ್ಲಿ ಕುಳಿತ ಮುದುಕರು ಬಾಯಿ ಬಿಡಲಿಲ್ಲ. ಕೊನೆಗೆ ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಿ ಬೆರಳು ತೋರಿಸಿದರು. ಒಣಗಿದ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆವತ್ತಿನಿಂದ ನಾನು ಸಣ್ಣ ಕೆರೆಗಳನ್ನು ನಂಬಲಿಲ್ಲ. ಮಳೆಗಾಲದಲ್ಲಿ ಎಲ್ಲ ಕೆರೆಗಳೂ ಒಂದೇ ಥರ ಕಾಣುತ್ತವೆ, ಬೇಸಿಗೆಯಲ್ಲಿ ಅರ್ಧಕ್ಕರ್ಧ ಕಾಣುವುದೇ ಇಲ್ಲ.

ಉಳಿದಂತೆ ನಮ್ಮ ಕಡೆಯ ನೆಲ ಮೇಲಿನಿಂದ ಓದುವುದಕ್ಕೆ ಕಷ್ಟವಲ್ಲ. ಹಾಸನದಿಂದ ಪೂರ್ವಕ್ಕೆ ಹೆದ್ದಾರಿ ಶಾಂತಿಗ್ರಾಮದ ಮೇಲೆ ಹಾದು ಚನ್ನರಾಯಪಟ್ಟಣಕ್ಕೆ ಹೋಗುತ್ತದೆ. ಹಾಸನದಿಂದ ದಕ್ಷಿಣಕ್ಕೆ ರೈಲು ಹಳಿ ಹೊಳೆನರಸೀಪುರ ದಾಟಿ ಮೈಸೂರಿನ ಕಡೆ ಇಳಿಯುತ್ತದೆ. ಹೇಮಾವತಿ ಗೊರೂರಿನ ಅಣೆಕಟ್ಟೆಯಿಂದ ಹೊರಟು ಹೊಳೆನರಸೀಪುರದಲ್ಲಿ ಆ ಹಳಿಯನ್ನು ಸಂಧಿಸುತ್ತದೆ. ಅರಕಲಗೂಡಿನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಕಾವೇರಿ. ಇಷ್ಟು ತಲೆಯಲ್ಲಿದ್ದರೆ ಮೋಡವಿಲ್ಲದ ದಿನ ಯಾರೂ ಕಳೆದುಹೋಗುವ ಹಾಗಿಲ್ಲ.

ಜಿಪಿಎಸ್ ಬಂದಾಗ ನಾನೇನು ಮೂಗು ಮುರಿಯಲಿಲ್ಲ. ನನ್ನನ್ನು ಹಳೇ ಕಾಲದ ಹೆಂಗಸು ಎಂದು ಆಡಿಕೊಂಡವರಿಗೆ ಇದನ್ನು ಹೇಳಲೇಬೇಕು. ಕೈಯಲ್ಲಿ ಹಿಡಿಯುವಂಥ ಒಂದು ಪುಟ್ಟ ಯಂತ್ರವನ್ನು ನಾನೇ ಕೊಂಡಿದ್ದೆ. ಮೊದಲ ಸಲ ಅದು ನಾವಿದ್ದ ಜಾಗವನ್ನು ಯಾವ ಹೊಲದ ಬದು ಎನ್ನುವಷ್ಟು ನಿಖರವಾಗಿ ತೋರಿಸಿದಾಗ ಮಕ್ಕಳಂತೆ ಕಿರುಚಿದ್ದೆ. ಮಂಜಿನಲ್ಲಿ, ಮಳೆಯಲ್ಲಿ ಅದು ಎಷ್ಟೋ ಸಲ ನನ್ನನ್ನು ಕಾಪಾಡಿದೆ. ನನ್ನ ಜಗಳ ಯಂತ್ರದ ಜೊತೆ ಅಲ್ಲ, ಅದೊಂದೇ ಸಾಕು ಎಂದವರ ಜೊತೆ.

ಕೊನೆಯ ಹಲವು ವರ್ಷ ನಾನು ಕೆಲಸ ಮಾಡಿದ್ದು ಹಾಸನಕ್ಕೂ ಹೊಳೆನರಸೀಪುರಕ್ಕೂ ನಡುವೆ, ಮುಸುಕಿನ ಜೋಳದ ಹೊಲಗಳ ಮಧ್ಯೆ ಟಾರು ಪಟ್ಟಿ ಎಳೆದುಕೊಂಡಿದ್ದ ಒಂದು ಖಾಸಗಿ ಶಾಲೆಯಲ್ಲಿ. ಹೆಸರು ಬೇಡ. ಅಲ್ಲಿಗೆ ಮುಖ್ಯ ಬೋಧಕರಾಗಿ ಬಂದವರನ್ನು ಎಲ್ಲರೂ ಚೀಫ್ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೇ ಕರೆಯುತ್ತೇನೆ. ದೊಡ್ಡ ವಿಮಾನಗಳನ್ನು ಹಾರಿಸಿ ಬಂದವರು. ನಯವಾದ ಮಾತು, ಮಡಿಕೆ ಮುರಿಯದ ಅಂಗಿ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ರಜೆ ಕೊಟ್ಟವರು ಅವರೇ. ಕೆಟ್ಟ ಮನುಷ್ಯರಾಗಿದ್ದರೆ ನನ್ನ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲವೇನೋ.

ಅವರು ಬಂದ ಕೆಲವು ತಿಂಗಳಲ್ಲೇ ಪ್ರತಿ ವಿಮಾನಕ್ಕೂ ಒಂದೊಂದು ಟ್ಯಾಬ್ಲೆಟ್ ಬಂತು. ರಬ್ಬರ್ ಹಿಡಿಕೆಯಲ್ಲಿ ಸಿಕ್ಕಿಸಿದರೆ ಪರದೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಪುಟ್ಟ ವಿಮಾನದ ಗುರುತು. ಕಾಗದದ ನಕ್ಷೆಗಳಿದ್ದ ಬೀರು ಗುಜರಿಗೆ ಹೋಯಿತು. ನೆಲ ನೋಡಿ ದಾರಿ ಹಿಡಿಯುವ ಪಾಠ ಪಠ್ಯದಲ್ಲಿ ಹೆಸರಿಗೆ ಮಾತ್ರ ಉಳಿಯಿತು.

ನಾನು ಅವರ ಕೋಣೆಗೆ ಹೋಗಿ ಕೇಳಿದೆ. ‘ಸರ್, ಇದು ನಿಂತುಹೋದರೆ?’

‘ಮೇಡಂ, ನಾನು ಇಷ್ಟು ವರ್ಷ ಹಾರಿಸಿದ್ದೀನಿ. ಯಾವತ್ತೂ ಕಿಟಕಿಯಿಂದ ರೈಲು ಹಳಿ ಹುಡುಕಿಲ್ಲ.’

‘ನಿಮ್ಮ ದೊಡ್ಡ ವಿಮಾನದಲ್ಲಿ ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು ಇರುತ್ತೆ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರ್ತಾನೆ. ನಮ್ಮ ಹುಡುಗನಿಗೆ ಇರೋದು ಈ ರಬ್ಬರ್ ಹಿಡಿಕೆ.’

ಅವರು ನಕ್ಕರು. ಕಾಲ ಬದಲಾಗಿದೆ, ಮಕ್ಕಳನ್ನು ಯಾಕೆ ಹಳೆಯ ಕಷ್ಟಕ್ಕೆ ನೂಕುತ್ತೀರಿ ಎಂದರು. ಅವರು ಅದನ್ನು ನಿಜವಾಗಿಯೂ ನಂಬಿದ್ದರು.

ಆ ಬೇಸಿಗೆಯಲ್ಲೇ ನನ್ನ ಜೊತೆಯ ಬೋಧಕನೊಬ್ಬ ಶಾಂತಿಗ್ರಾಮದ ಮೇಲೆ ಹಾರುತ್ತಿದ್ದಾಗ ಬಿಸಿಲಿಗೆ ಕಾದ ಟ್ಯಾಬ್ಲೆಟ್ ತನ್ನಷ್ಟಕ್ಕೆ ಆರಿಹೋಯಿತು. ಕೆಳಗೆ ಹೆದ್ದಾರಿ, ಹೆದ್ದಾರಿಯ ಮೇಲೆ ಸಾಲುಸಾಲು ಬಸ್ಸು. ಅದನ್ನು ಹಿಡಿದು ಪಶ್ಚಿಮಕ್ಕೆ ಬಂದರೆ ಹಾಸನ. ಆತ ಮಾತ್ರ ಪರದೆ ತಣ್ಣಗಾಗಲಿ ಎಂದು ಕರ್ಚೀಫಿನಿಂದ ಗಾಳಿ ಬೀಸುತ್ತಾ ಅಲ್ಲೇ ಗಿರಕಿ ಹೊಡೆಯುತ್ತಿದ್ದ. ಬಂದು ಇದನ್ನು ನಗುನಗುತ್ತಾ ಹೇಳಿದ. ಎಲ್ಲರೂ ನಕ್ಕರು. ಚೀಫ್ ಪರಿಹಾರ ಕೊಟ್ಟರು: ಪ್ರತಿ ವಿಮಾನಕ್ಕೂ ಬ್ಯಾಟರಿಯ ಒಂದು ಪುಟ್ಟ ಫ್ಯಾನು. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಎಳೆಯರೇ, ಪರದೆ ಕೈಕೊಡುವುದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. ಬಿಸಿಲು ಸಾಕು. ಸಡಿಲವಾದ ತಂತಿ ಸಾಕು. ಹಾರುವ ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಕೇಳಿ ಸುತ್ತುತ್ತಾ ಕೂರುವ ತಂತ್ರಾಂಶ ಸಾಕು. ಆದರೆ ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ನಾವು ಕಂಡದ್ದು ಆ ಚಳಿಗಾಲದಲ್ಲಿ.

ಮೊದಲು ಒಂದು ದಿನ ಗುರುತು ನಿಂತಲ್ಲೇ ನಿಂತಿತು. ಇನ್ನೊಂದು ದಿನ ನಾನು ನೆಲದ ಮೇಲಿದ್ದಾಗಲೇ ಪರದೆ ನನ್ನನ್ನು ಎಲ್ಲೋ ದೂರದ ಊರಿನಲ್ಲಿ ತೋರಿಸಿತು. ಪರದೆ ಕಪ್ಪಾದರೆ ಅದು ಕೆಟ್ಟಿದೆ ಎಂದಾದರೂ ತಿಳಿಯುತ್ತದೆ. ಇದು ಬೆಳಗುತ್ತಾ, ಬಣ್ಣಬಣ್ಣದಲ್ಲಿ, ತಪ್ಪು ಜಾಗವನ್ನು ಸರಿಯೆಂದು ತೋರಿಸುತ್ತಿತ್ತು. ವಿಮಾನಯಾನ ಇಲಾಖೆಯಿಂದ ಎಚ್ಚರಿಕೆಯೂ ಬಂತು: ಕೆಲವು ದಿನ ಉಪಗ್ರಹದ ಸಂಕೇತವನ್ನು ನಂಬಬೇಡಿ. ಯಾಕೆ, ಯಾರಿಂದ ಎಂದು ಯಾರೂ ಹೇಳಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ. ಎಚ್ಚರಿಕೆ ಮಾತ್ರ ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲಿತ್ತು.

ಬೆಳಗಿನ ಸಭೆಯಲ್ಲಿ ನಾನು ಎದ್ದು ಹೇಳಿದೆ. ‘ಇದು ಸರಿಹೋಗುವ ತನಕ ಮಕ್ಕಳನ್ನು ಒಬ್ಬೊಬ್ಬರೇ ದೂರ ಕಳಿಸೋದು ಬೇಡ.’ ಚೀಫ್ ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ. ನಮ್ರತಾ ಎಂಬ ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚನ್ನರಾಯಪಟ್ಟಣದ ಕಡೆಗೆ ಹೊರಟೆ. ನಮ್ಮ ಪರದೆಯನ್ನು ಆರಿಸಿಟ್ಟು ಅವಳಿಗೆ ಹೆದ್ದಾರಿ ತೋರಿಸುತ್ತಿದ್ದೆ.

ನಾನು ಏರಿದ ಮೇಲೆ ಚೀಫ್ ಮಧುವನ್ನು ಒಬ್ಬನೇ ಕಳಿಸಿದ್ದರು.

ಮಧು ಅರಕಲಗೂಡು ತಾಲ್ಲೂಕಿನವನು. ಅವನ ತಂದೆ ರಾಜೇಗೌಡರು ಹೊಗೆಸೊಪ್ಪು, ಶುಂಠಿ ಬೆಳೆಯುವವರು. ಹುಡುಗನದು ಮಾತು ಕಡಿಮೆ, ಕೈ ಹದವಾಗಿತ್ತು. ವಿಮಾನವನ್ನು ಇಳಿಸುವಾಗ ಗಾಲಿ ನೆಲ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಆವತ್ತು ಅವನು ಅರಕಲಗೂಡಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಹೊಳೆನರಸೀಪುರ, ಆಮೇಲೆ ಚನ್ನರಾಯಪಟ್ಟಣ, ಅಲ್ಲಿಂದ ಹೆದ್ದಾರಿಯ ಮೇಲೆ ವಾಪಸ್ ಬರಬೇಕಿತ್ತು. ಬೆಳಗಿನ ಮಂಜು ಇನ್ನೂ ತಗ್ಗಿನಲ್ಲಿ ನಿಂತಿತ್ತು. ಅವನ ಹತ್ತಿರ ನಕ್ಷೆ ಇರಲಿಲ್ಲ. ಶಾಲೆಯಲ್ಲೇ ಇರಲಿಲ್ಲವಲ್ಲ.

ರೇಡಿಯೋದಲ್ಲಿ ಅವನ ದನಿ ಕೇಳಿದಾಗಲೇ ನನಗೆ ಅದು ತಿಳಿದದ್ದು. ಇಂಗ್ಲಿಷಿನಲ್ಲಿ, ಕಲಿಸಿದ ಹಾಗೆಯೇ, ಹೊಳೆನರಸೀಪುರದ ಮೇಲಿದ್ದೇನೆ ಎಂದ. ಶಾಲೆಯ ಕಚೇರಿಯಿಂದ ಸರಿ, ಮುಂದುವರಿ ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಾತಾಡಿದ. ಈ ಸಲ ತನ್ನ ವಿಮಾನದ ಗುರುತಿನ ಅಕ್ಷರಗಳನ್ನೇ ತಪ್ಪು ಹೇಳಿದ. ಊರು ಚಿಕ್ಕದಾಗಿ ಕಾಣುತ್ತಿದೆ, ಖಚಿತವಿಲ್ಲ, ಕೆಳಗಿಳಿದು ನೋಡುತ್ತೇನೆ ಎಂದ. ಕಚೇರಿಯಿಂದ ಉತ್ತರವಿಲ್ಲ. ಅವನು ಆಗಲೇ ಇಳಿಯತೊಡಗಿದ್ದ, ಕೆಳಗಿಳಿದರೆ ದೂರದ ರೇಡಿಯೋಗೆ ಮಾತು ತಲುಪುವುದಿಲ್ಲ. ನಾನು ಎತ್ತರದಲ್ಲಿದ್ದೆ, ನನಗೆ ಕೇಳುತ್ತಿತ್ತು.

ಆಕಾಶದಲ್ಲಿ ಇಂಗ್ಲಿಷೇ ಆಡಬೇಕು, ಗೊತ್ತಿರುವ ನಾಲ್ಕು ಪದಗಳಲ್ಲೇ ಆಡಬೇಕು. ನಾನೂ ಹಾಗೇ ಶುರು ಮಾಡಿದೆ. ಎಷ್ಟು ಎತ್ತರ ಎಂದೆ. ಅವನು ಹೇಳಿದ ಅಂಕಿ ಕೇಳಿ ನಮ್ರತಾ ನನ್ನ ಕಡೆ ತಿರುಗಿದಳು. ಅಷ್ಟು ತಗ್ಗಿನಲ್ಲಿ ಯಾಕಿದ್ದೀಯ ಎಂದೆ. ಅವನಿಗೆ ಇಂಗ್ಲಿಷ್ ತಪ್ಪಿಹೋಯಿತು.

‘ಬಸ್ ಸ್ಟ್ಯಾಂಡ್ ಬೋರ್ಡ್ ಓದಾನ ಅಂತ ಮೇಡಂ... ಯಾವೂರು ಅಂತ ಗೊತ್ತಾಗ್ಲಿ ಅಂತ...’

ಆ ಕಡೆಯೆಲ್ಲ ಕರೆಂಟಿನ ದೊಡ್ಡ ಕಂಬಗಳಿವೆ. ಮಂಜಿನಲ್ಲಿ ತಂತಿ ಕಾಣುವುದು ರೆಕ್ಕೆಗೆ ಸಿಕ್ಕಿದ ಮೇಲೆಯೇ. ನನ್ನ ಬಾಯಿಂದ ಬಂದದ್ದು ಯಾವ ಪುಸ್ತಕದಲ್ಲೂ ಇಲ್ಲದ ಮಾತು.

‘ಲೇ ಮಧು! ಮೇಲಕ್ಕೆ ಏರ್ಲಾ ಮೊದ್ಲು! ಬೋರ್ಡ್ ಗೀರ್ಡ್ ಏನೂ ನೋಡ್ಬ್ಯಾಡ. ಪೂರಾ ಪವರ್ ಕೊಡು, ಏರು!’

ಇಂಜಿನ್ನಿನ ಸದ್ದು ಏರಿದ್ದು ಅವನ ಮೈಕಿನಲ್ಲೇ ಕೇಳಿಸಿತು. ‘ಏರ್ತಾ ಇವ್ನಿ ಮೇಡಂ.’

‘ಎದ್ರುಕೋಬ್ಯಾಡ. ಪೆಟ್ರೋಲ್ ಎಷ್ಟೈತೆ?’

‘ಬೇಕಾದಷ್ಟೈತೆ.’

‘ಹಂಗಾದ್ರೆ ಏನೂ ಆಗಿಲ್ಲ. ಈಗ ಏನ್ ಕಾಣ್ತೈತೆ ಹೇಳು.’

‘ಒಳೆ ಐತೆ ಮೇಡಂ. ದ್ಯಾವಸ್ಥಾನ ಐತೆ, ಸೇತುವೆ ಐತೆ. ಸ್ಕ್ರೀನ್ ಒಳೆನರಸೀಪುರ ಅಂತೈತೆ. ಆದ್ರೆ ಊರು ಅಂಗಿಲ್ಲ.’

‘ರೈಲು ಹಳಿ ಐತಾ?’

‘ಇಲ್ಲ ಮೇಡಂ.’

‘ಚೆನ್ನಾಗ್ ನೋಡ್ಲಾ. ಸೇತುವೆ ಮ್ಯಾಲೆ ಬಸ್ಸಾ, ರೈಲಾ?’

‘ಬಸ್ಸು. ಹಳಿ ಎಲ್ಲೂ ಇಲ್ಲ.’

ಹೊಳೆ ಇದೆ, ಹಳಿ ಇಲ್ಲ ಎಂದ ಮೇಲೆ ಅದು ಹೇಮಾವತಿ ಅಲ್ಲ, ಕಾವೇರಿ. ಅರಕಲಗೂಡಿನಿಂದ ಪೂರ್ವಕ್ಕೆ ತಿರುಗಬೇಕಾದವನನ್ನು ಪರದೆ ದಕ್ಷಿಣಕ್ಕೆ ಎಳೆದುಕೊಂಡು ಹೋಗಿತ್ತು. ಅವನು ಕಾವೇರಿ ದಡದ ರಾಮನಾಥಪುರದ ಆಸುಪಾಸಿನಲ್ಲಿದ್ದ. ಪರದೆ ಹೇಳಿದಂತೆ ಅಲ್ಲಿಂದ ಚನ್ನರಾಯಪಟ್ಟಣ ಹುಡುಕುತ್ತಾ ಹೋಗಿದ್ದರೆ ಯಾವ ಹೊಲದಲ್ಲಿ ಇಳಿಯುತ್ತಿದ್ದನೋ.

‘ಮಧು, ನೀನಿರೋದು ಕಾವೇರಿ ಮ್ಯಾಲೆ. ಆ ಸ್ಕ್ರೀನ್ ಮ್ಯಾಲೆ ನಿನ್ ಟೋಪಿ ಹಾಕು.’

‘ಮೇಡಂ, ಸ್ಕ್ರೀನು—’

‘ಸ್ಕ್ರೀನ್ ಸುಳ್ಳು ಹೇಳ್ತಾ ಐತೆ ಕಣ್ಲಾ. ಮುಚ್ಚು ಅದ್ನ.’

ಟೋಪಿ ಹಾಕುವುದಕ್ಕೆ ಅವನಿಗೆ ಎಷ್ಟು ಕಷ್ಟವಾಯಿತು ಎಂದು ಆಮೇಲೆ ಹೇಳಿದ. ಕೈ ಮುಂದೆ ಹೋಗಿ ಹಿಂದಕ್ಕೆ ಬರುತ್ತಿತ್ತಂತೆ. ಅಲ್ಲಿಯ ತನಕ ಜೊತೆಗೆ ಮಾತಾಡುತ್ತಿದ್ದದ್ದು ಅದೊಂದೇ, ಅದನ್ನೂ ಮುಚ್ಚಿದರೆ ಒಬ್ಬನೇ ಆಗಿಬಿಡುತ್ತೇನೆ ಅನ್ನಿಸಿತಂತೆ. ಹಾಕಿದ.

‘ಈಗ ದಿಕ್ಸೂಚಿ ನೋಡಿ ಈಶಾನ್ಯಕ್ಕೆ ತಿರುಗು. ಸೂರ್ಯ ನಿನ್ ಬಲಗಡೆ ಇರ್ಬೇಕು. ನೆಟ್ಟಗೆ ಬಾ. ಹಳಿ ಅಡ್ಡ ಸಿಕ್ಕೇ ಸಿಗ್ತೈತೆ. ಸಿಕ್ಕ ತಕ್ಷಣ ಹೇಳು.’

ಆಮೇಲೆ ಸುಮ್ಮನಿರುವುದೇ ನನಗೆ ದೊಡ್ಡ ಕೆಲಸವಾಯಿತು. ವಿಮಾನವನ್ನು ನಮ್ರತಾಳ ಕೈಗೆ ಕೊಟ್ಟಿದ್ದೆ. ಅವಳು ತುಟಿ ಕಚ್ಚಿಕೊಂಡು ಹಾರಿಸುತ್ತಿದ್ದಳು. ನಡುವೆ ಕಚೇರಿಯಿಂದ ಚೀಫ್ ದನಿ ಬಂತು: ದಯವಿಟ್ಟು ಇಂಗ್ಲಿಷಿನಲ್ಲಿ ಮಾತಾಡಿ. ನಾನು ಕನ್ನಡ ಬಿಡಲಿಲ್ಲ. ಹುಡುಗನಿಗೆ ಆಗಾಗ ‘ಇದ್ದೀಯೇನ್ಲಾ?’ ಅನ್ನುತ್ತಿದ್ದೆ. ‘ಇವ್ನಿ ಮೇಡಂ’ ಅನ್ನುತ್ತಿದ್ದ.

ಒಮ್ಮೆಗೇ ಕೂಗಿದ. ‘ಸಿಕ್ತು ಮೇಡಂ! ಹಳಿ ಸಿಕ್ತು! ರೈಲೂ ಓಗ್ತಾ ಐತೆ ಮೇಡಂ!’

‘ಎಡಕ್ಕೆ ತಿರುಗು ಮಗಾ. ಹಳಿ ಬುಡಬ್ಯಾಡ. ಹೊಳೆ ದಾಟ್ತೈತೆ, ಅದೇ ಹೊಳೆನರಸೀಪುರ. ಅಲ್ಲಿಂದ ಮನೆ ಗೊತ್ತಲ್ಲ?’

‘ಗೊತ್ತು ಮೇಡಂ.’

ನಾವು ಇಳಿಯುವ ಹೊತ್ತಿಗೆ ಅವನೂ ಇಳಿದಿದ್ದ. ಎಂದಿನಂತೆ ಗಾಲಿ ಮುಟ್ಟಿದ್ದು ತಿಳಿಯದ ಹಾಗೆ ಇಳಿಸಿದ್ದನಂತೆ. ಆದರೆ ಸೀಟಿನ ಬೆಲ್ಟ್ ಬಿಚ್ಚಲು ಆಗದೆ ಹಾಗೇ ಕುಳಿತಿದ್ದ. ನಾನೇ ಹೋಗಿ ಬಿಚ್ಚಿದೆ. ಅಂಗಿ ಬೆನ್ನಿಗೆ ಅಂಟಿತ್ತು. ಚೀಫ್ ನಡೆದು ಬಂದರು. ಹುಡುಗನ ಹೆಗಲ ಮೇಲೆ ಕೈಯಿಡುತ್ತಾರೆ ಅಂದುಕೊಂಡೆ. ನನ್ನ ಕಡೆ ತಿರುಗಿ, ‘ಮೇಡಂ, ರೇಡಿಯೋದಲ್ಲಿ ಶಿಸ್ತು ಇರಬೇಕು’ ಎಂದರು.

ಮಾರನೆಯ ದಿನ ವಿಚಾರಣೆ. ಚೀಫ್, ಆಡಳಿತದ ಒಬ್ಬರು, ಕಚೇರಿಯ ರೇಡಿಯೋ ನೋಡಿಕೊಳ್ಳುವವರು. ಮೊದಲ ಮಾತು ಬಿಟ್ಟರೆ ಮಧು ಆಡಿದ್ದು ಕಚೇರಿಗೆ ಕೇಳಿರಲಿಲ್ಲ, ನನ್ನ ಮಾತು ಮಾತ್ರ ಕೇಳಿತ್ತು. ಅಂದರೆ ಅವರ ಲೆಕ್ಕದಲ್ಲಿ ನಡೆದದ್ದು ಇಷ್ಟೇ: ಒಬ್ಬ ಹಿರಿಯ ಬೋಧಕಿ ಆಕಾಶದಲ್ಲಿ ಕನ್ನಡದಲ್ಲಿ ‘ಲೇ’ ಎಂದು ಕೂಗಾಡಿದ್ದಾಳೆ.

‘ವಿದ್ಯಾರ್ಥಿಯನ್ನ ಏಕವಚನದಲ್ಲಿ ಕರೆದಿದ್ದೀರಿ’ ಎಂದರು ಆಡಳಿತದವರು.

‘ಹೌದು.’

‘“ಲೇ” ಅಂದಿದ್ದೀರಿ. ಒಂದು ಸಲ ಅಲ್ಲ.’

‘ಹೌದು. ನಮ್ಮ ಕಡೆ ನಮ್ಮವರನ್ನ ಹಾಗೇ ಕರೆಯೋದು. ಅವನಿಗೆ ಆಗ ಬೇಕಾಗಿದ್ದದ್ದು ತನ್ನವರ ದನಿ. ಬನ್ನಿ ಹೋಗಿ ಅಂತ ಮರ್ಯಾದೆ ಕೊಡ್ತಾ ಕೂತಿದ್ದರೆ ತಂತಿಗೆ ಸಿಕ್ಕಿಹಾಕಿಕೊಳ್ತಿದ್ದ.’

‘ಅದು ಊಹೆ’ ಎಂದರು ಚೀಫ್.

ನಾನು ಬೋರ್ಡಿನ ಮೇಲಿದ್ದ ಎಚ್ಚರಿಕೆಯ ಬಗ್ಗೆ ಕೇಳಿದೆ. ಅದು ಎಚ್ಚರಿಕೆ, ನಿಷೇಧವಲ್ಲ ಎಂದರು. ನಕ್ಷೆಗಳು ಎಲ್ಲಿ ಎಂದೆ. ಇವತ್ತಿನ ವಿಷಯ ಅದಲ್ಲ ಎಂದರು. ಒಬ್ಬನೇ ಯಾಕೆ ಕಳಿಸಿದಿರಿ ಎಂದೆ. ಹಾರಾಟ ಬಾಕಿ ಬಿದ್ದಿತ್ತು ಎಂದರು. ಕೇಳಿದ ಎಲ್ಲಕ್ಕೂ ನಯವಾದ ಉತ್ತರ ಸಿದ್ಧವಾಗಿತ್ತು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ.

ತೀರ್ಮಾನ ಬಂತು. ಮಧು ಸುತ್ತಲಿನ ಪರಿಸ್ಥಿತಿ ಅರಿಯುವ ಶಕ್ತಿಯಿಲ್ಲದವನು, ಒಬ್ಬನೇ ಹಾರಲು ಸದ್ಯಕ್ಕೆ ಅನರ್ಹ. ನಾನು ಲಿಖಿತವಾಗಿ ಕ್ಷಮೆ ಕೇಳಬೇಕು. ಕೇಳುವುದಿಲ್ಲ ಎಂದೆ.

ಎರಡು ದಿನ ಬಿಟ್ಟು ರಾಜೇಗೌಡರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಗೊನೆ. ಚೀಫ್ ಅವರಿಗೆ ಕುರ್ಚಿ ಕೊಟ್ಟು ಕಾಫಿ ತರಿಸಿದರು. ನನ್ನನ್ನೂ ಕರೆಸಿದರು.

‘ಸಾ, ನನ್ ಮಗ ಏನ್ ತಪ್ ಮಾಡ್ದ ಸಾ?’

‘ತಪ್ಪು ಅಂತಲ್ಲ ಗೌಡ್ರೇ. ಕೆಲವರಿಗೆ ಈ ಕೆಲಸ ಆಗಿಬರಲ್ಲ. ಅಷ್ಟೇ.’

‘ಚಿಕ್ಕೋನಿದ್ದಾಗ್ಲಿಂದ ಅವ್ನಿಗೆ ಇದೊಂದೇ ಸಾ. ಮೂರ್ ದಿನಾಯ್ತು, ಊಟಕ್ಕೆ ಕುಂತ್ರೆ ತಟ್ಟೆ ನೋಡ್ತಾ ಕುಂತಿರ್ತಾನೆ. ಏನ್ಲಾ ಅಂದ್ರೆ, ನಂಗ್ ತಲೆ ಇಲ್ಲ ಅಂತ ಬರ್ದವ್ರೆ ಅಪ್ಪಾ ಅಂತಾನೆ.’ ಅವರು ಎದ್ದು ಚೀಫ್‌ಗೆ ಕೈಮುಗಿದರು. ಆಮೇಲೆ ನನಗೂ ಮುಗಿದರು. ‘ನೀವೇ ಏನಾದ್ರೂ ಮಾಡ್ಬೇಕು ಮೇಡಮ್ಮಾ.’

ಅವರ ಮಗನನ್ನು ಸಾವಿನ ಬಾಯಿಗೆ ಕಳಿಸಿದವರಿಗೆ ಅವರು ಕೈಮುಗಿಯುತ್ತಿದ್ದರು. ಚೀಫ್ ಆ ಮುಗಿದ ಕೈಗಳನ್ನು ಹಿಡಿದು, ಕೂತುಕೊಳ್ಳಿ ಗೌಡ್ರೇ, ಕಾಫಿ ತಣ್ಣಗಾಗುತ್ತೆ ಎಂದರು. ನನ್ನ ಜೀವಮಾನದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಇನ್ನೊಮ್ಮೆ ನೆನಪಿಲ್ಲ.

ಗೌಡರು ಹೋದ ಮೇಲೆ ಚೀಫ್ ತಮ್ಮ ಮಾತು ಮುಂದಿಟ್ಟರು. ನಾನು ಕ್ಷಮೆ ಬರೆದುಕೊಟ್ಟರೆ ಹುಡುಗನ ಮೇಲಿನ ಷರಾ ತೆಗೆಯಬಹುದು. ಎರಡೂ ಒಟ್ಟಿಗೆ ಮುಗಿಯುತ್ತದೆ. ನಾನು ಅಲ್ಲೇ ಕುಳಿತು ಬರೆದೆ. ರೇಡಿಯೋದಲ್ಲಿ ‘ಲೇ’ ಎಂದು ಕರೆದದ್ದಕ್ಕೆ ವಿಷಾದಿಸುತ್ತೇನೆ. ಬರೆಯುವಾಗ ಪೆನ್ನು ಕಾಗದವನ್ನು ತೂತು ಮಾಡಿತು. ಷರಾ ಹೋಯಿತು. ಅವರು ಆಡಿದ ಮಾತು ಉಳಿಸಿಕೊಂಡರು, ಅದನ್ನೂ ಹೇಳಬೇಕು.

ಮಧುವಿಗೆ ಹೇಗೋ ತಿಳಿಯಿತು. ಕ್ಯಾಂಟೀನಿನ ಹತ್ತಿರ ನನ್ನನ್ನು ಅಡ್ಡಗಟ್ಟಿದ. ಕಣ್ಣು ಕೆಂಪಾಗಿತ್ತು. ‘ಯಾಕ್ ಬರ್ಕೊಟ್ರಿ ಮೇಡಂ? ನಾನು ಬೇರೆ ಕಡೆ ಸೇರ್ಕೋತಿದ್ದೆ. ನೀವ್ ಯಾಕ್ ಬರ್ಕೊಟ್ರಿ?’

‘ಹೋಗ್ಲಿ ಬುಡ್ಲಾ’ ಎಂದೆ. ಅವನು ಬೆನ್ನು ತಿರುಗಿಸಿ ಹೊರಟುಹೋದ. ಅವನ ಸಿಟ್ಟು ಕಂಡು ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಆ ವಾರದಲ್ಲೇ ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಒಂಟಿಯಾಗಿ ಹಾರುವವರ ಹೆಸರು ಬರೆಯುವ ಹಲಗೆಯ ಮೇಲೆ ನಮ್ರತಾಳ ಹೆಸರು. ಅದೇ ದಾರಿ: ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಪಕ್ಕದಲ್ಲೇ ಅದೇ ಎಚ್ಚರಿಕೆ, ಇನ್ನೂ ಜಾರಿಯಲ್ಲಿತ್ತು. ನಮ್ರತಾ ಒಂದು ಮೂಲೆಯಲ್ಲಿ ನಿಂತಿದ್ದಳು. ‘ಮ್ಯಾಮ್, ಆಗಲ್ಲ ಅಂದ್ರೆ ನನ್ನನ್ನೂ ಅನ್‌ಫಿಟ್ ಅಂತ ಬರೀತಾರಾ?’ ಎಂದು ಕೇಳಿದಳು.

ನಾನು ಹಲಗೆಯ ಮುಂದಿನಿಂದ ತಿರುಗಿದೆ. ಕಚೇರಿಯೊಳಗೆ ಹೋದೆ. ವಿಮಾನಗಳ ಕೀಗಳು ಗೋಡೆಯ ಮೇಲಿನ ಮೊಳೆಗಳಿಗೆ ನೇತುಬಿದ್ದಿದ್ದವು. ಅಷ್ಟನ್ನೂ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡು ಕ್ಯಾಂಟೀನಿಗೆ ಹೋಗಿ ಕುಳಿತೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡೆ.

ಚೀಫ್ ಬಂದರು. ‘ಕೀ ಕೊಡಿ ಮೇಡಂ.’

‘ಕೊಡಲ್ಲ.’

‘ಇದು ಕಳ್ಳತನ ಆಗುತ್ತೆ.’

‘ಪೊಲೀಸರನ್ನ ಕರೆಸಿ. ಯಾಕೆ ತಗೊಂಡೆ ಅಂತ ಅವರಿಗೂ ಹೇಳ್ತೀನಿ.’

‘ನಿಮಗೆ ಆರೋಗ್ಯ ಸರಿಯಿಲ್ಲ ಅನ್ಸುತ್ತೆ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.’

‘ಸರ್, ನಿಮ್ಮ ಮಗಳಾಗಿದ್ದರೆ ಇವತ್ತು ಕಳಿಸ್ತಿದ್ರಾ?’

ಅವರ ನಯ ಅಲ್ಲಿ ಮೊದಲ ಸಲ ಮುರಿಯಿತು. ಮೇಜು ಗುದ್ದಿ ಇಂಗ್ಲಿಷಿನಲ್ಲಿ ಏನೇನೋ ಬೈದರು. ನಾನೂ ಬಿಡಲಿಲ್ಲ. ನನ್ನ ಊರಿನ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದನ್ನೆಲ್ಲ ಬೈದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದರೂ ಕ್ಯಾಂಟೀನಿನವರು ನೋಡಲಿಲ್ಲ.

ಅವರು ಮಾಲೀಕರಿಗೆ ಫೋನ್ ಮಾಡಲು ಹೋದಾಗ, ಬೇಸಿಗೆಯಲ್ಲಿ ಶಾಂತಿಗ್ರಾಮದ ಮೇಲೆ ಗಿರಕಿ ಹೊಡೆದಿದ್ದ ಆ ಬೋಧಕ ಬಂದು ನನ್ನ ಪಕ್ಕ ಕುಳಿತ. ಆಮೇಲೆ ಇನ್ನೊಬ್ಬರು ಬಂದರು. ವಿದ್ಯಾರ್ಥಿಗಳು ಬಾಗಿಲಲ್ಲಿ ಗುಂಪಾದರು. ಆವತ್ತು ಒಂದು ವಿಮಾನವೂ ಏರಲಿಲ್ಲ. ಸಂಜೆ ಹೊತ್ತಿಗೆ ಮಾಲೀಕರಿಂದ ಆದೇಶ ಬಂತು: ಸಂಕೇತ ಸರಿಹೋಗುವ ತನಕ ಒಬ್ಬರೇ ದೂರ ಹಾರುವುದು ನಿಲ್ಲಲಿ, ನಕ್ಷೆಯ ಪಾಠ ಮತ್ತೆ ಶುರುವಾಗಲಿ. ಕೀಗಳನ್ನು ಗೋಡೆಗೆ ತೂಗುಹಾಕಿ ಬಂದೆ.

ನನ್ನ ವಿಷಯದಲ್ಲೂ ಒಂದು ಆದೇಶವಿತ್ತು. ನಿವೃತ್ತಿಗೆ ಇನ್ನೂ ಕಾಲವಿತ್ತು. ಆ ತಿಂಗಳೇ ಸಾಕು ಎಂದರು. ನನ್ನ ನಿವೃತ್ತಿಯ ಕಥೆ ಇಷ್ಟೇ. ಶಾಲು ಹೊದಿಸಲಿಲ್ಲ, ಭಾಷಣ ಮಾಡಲಿಲ್ಲ. ಇದ್ದ ಕೆಲವು ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಮಧುವನ್ನೂ ನಮ್ರತಾಳನ್ನೂ ಸರದಿಯ ಮೇಲೆ ಕೂರಿಸಿಕೊಂಡು, ಪರದೆ ಮುಚ್ಚಿ, ಜಿಲ್ಲೆಯ ಹೊಳೆ, ಹಳಿ, ರಸ್ತೆ, ನಾಲೆಗಳನ್ನೆಲ್ಲ ತೋರಿಸಿದೆ. ಇಬ್ಬರೂ ಅಲ್ಲೇ ಕಲಿಕೆ ಮುಗಿಸಿದರು. ನಮ್ರತಾ ಈಗ ದೊಡ್ಡ ವಿಮಾನದಲ್ಲಿದ್ದಾಳೆ.

ಚೀಫ್ ಈಗಲೂ ಅಲ್ಲೇ ಇದ್ದಾರೆ. ಜಿಪಿಎಸ್ ಕೈಕೊಟ್ಟಾಗ ಏನು ಮಾಡಬೇಕು ಎಂದು ಹಲವು ಕಡೆ ಉಪನ್ಯಾಸ ಕೊಡುತ್ತಾರಂತೆ.

ಎಳೆಯರೇ, ಶಾಲೆಗೆ ಸೇರುವ ಮೊದಲು ನಿಮ್ಮ ನಕ್ಷೆ ಎಲ್ಲಿದೆ ತೋರಿಸಿ ಎಂದು ಕೇಳಿ. ಹಾರುವ ಮೊದಲು ದಾರಿಯನ್ನು ಬೆರಳಿನಿಂದ ಒಮ್ಮೆ ಎಳೆದು ನೋಡಿ. ಪರದೆಯೂ ಕಿಟಕಿಯೂ ಬೇರೆ ಬೇರೆ ಹೇಳಿದರೆ ಕಿಟಕಿಯನ್ನು ನಂಬಿ. ದಾರಿ ತಪ್ಪಿದರೆ ಮೊದಲು ಮೇಲಕ್ಕೆ ಏರಿ, ಆಮೇಲೆ ನಾಚಿಕೆ ಬಿಟ್ಟು ಕೂಗಿ, ಯಾವ ಭಾಷೆ ಬರುತ್ತದೋ ಆ ಭಾಷೆಯಲ್ಲಿ. ಮತ್ತು ಹೋಗಬಾರದ ದಿನ ಹೋಗು ಎಂದರೆ ಹೋಗುವುದಿಲ್ಲ ಎನ್ನಿ. ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಮಧು ಓದು ಮುಗಿಸಿ ಅದೇ ಶಾಲೆಯಲ್ಲಿ ಬೋಧಕನಾದ. ಬೇರೆ ಕಡೆ ಕರೆದರೂ ಹೋಗಲಿಲ್ಲ. ಈಚೆಗೆ ಒಂದು ಮಧ್ಯಾಹ್ನ ಫೋನ್ ಮಾಡಿದ. ಮತ್ತೆ ಸಂಕೇತ ಕೆಟ್ಟಿದೆಯಂತೆ, ಮತ್ತೆ ಎಚ್ಚರಿಕೆ ಬಂದಿದೆಯಂತೆ.

‘ಇವತ್ ಮೂರ್ ಜನಾನ ಬುಡ್ಬೇಕಾಗಿತ್ತು ಮೇಡಂ. ಒಬ್ರುನ್ನೂ ಬುಡ್ಲಿಲ್ಲ.’

‘ಚೀಫ್ ಏನಂದ್ರು?’

‘ಬೈದ್ರು.’

‘ನೀನ್ ಏನ್ ಮಾಡ್ದೆ?’

‘ನಾನೂ ಬೈದೆ ಮೇಡಂ.’